ಬೆರಳು ಓದಿದ ಮುಖ

ಉಬ್ಬುಮುದ್ರಕ ಮೂರು ಸಲ ಕಣ್ಣು ಮಿಟುಕಿಸಿ, ತುಸು ಬಿಸಿಯಾಗಿ, ಹುಸೇನ್‌ಸಾಬರ ಮುಖವನ್ನು ಅಂಗೈಯಗಲದ ಹಾಳೆಯ ಮೇಲೆ ಉಬ್ಬಿಸಿ ಕೊಟ್ಟಿತು. ಗದಗಿನ ಕಲ್ಯಾಣಮಂಟಪದ ಬಾಗಿಲಲ್ಲಿ ಯಂತ್ರ ನಡೆಸುತ್ತಿದ್ದ ಗುರುಸಿದ್ಧ ಅದಕ್ಕೆ ದಾರ ಪೋಣಿಸಿ ಕೊರಳ ಬಿಲ್ಲೆ ಮಾಡಿ ಅವರ ಕೈಗಿತ್ತ. ಹುಟ್ಟಿನಿಂದ ಕಣ್ಣಿಲ್ಲದ ಹುಸೇನ್‌ಸಾಬರು ಅಂಧ ಓದುಗರ ಸಮಾವೇಶದ ಅಧ್ಯಕ್ಷರು. ಬಿಲ್ಲೆಯನ್ನು ಬೆರಳಿನಿಂದ ಸವರಿ, “ಮೂಗೇನೋ ಬರೋಬ್ಬರಿ ಐತಿ. ಆದ್ರ ಇಷ್ಟು ಮುದುಕ ಯಾವಾಗ ಆದೆನೋ?” ಎಂದರು.

ಆ ಕಾಲಕ್ಕೆ ಕಣ್ಣಿಲ್ಲದವರ ಕಿವಿಯಲ್ಲೆಲ್ಲ ಕಿವಿಗುಬ್ಬಿಯೆಂಬ ಪುಟ್ಟ ಯಂತ್ರ ಕೂತಿತ್ತು. ಎದುರಿಗೆ ಬಂದವರ ಹೆಸರು, ಅಂಗಡಿಯ ಬೋರ್ಡು, ಪುಸ್ತಕದ ಪುಟ, ಎಲ್ಲವನ್ನೂ ಅದೇ ಪಿಸುಗುಟ್ಟುತ್ತಿತ್ತು. ಬೆರಳಿನಿಂದ ಓದುವ ಚುಕ್ಕೆ ಲಿಪಿಯನ್ನು ಶಾಲೆಗಳು ಕೈಬಿಟ್ಟಿದ್ದವು. ಇದನ್ನು ನೆನೆದರೆ ಗುರುಸಿದ್ಧನ ಮೈ ಉರಿಯುತ್ತಿತ್ತು. ಕಿವಿಗೊಂದು ಗುಬ್ಬಿ ಸಿಕ್ಕಿಸಿ ಕೈಯಿಂದ ಪುಸ್ತಕ ಕಿತ್ತುಕೊಳ್ಳುವುದು, ಅದಕ್ಕೆ ಉಪಕಾರವೆಂಬ ಹೆಸರು! ಎಂಟನೆಯ ತರಗತಿಗೇ ಶಾಲೆ ಬಿಟ್ಟು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅವನಿಗೆ ಕಣ್ಣಿದ್ದವು. ಆದರೂ ನಾಲ್ಕು ವರ್ಷದಿಂದ ಈ ಸಮಾವೇಶಕ್ಕೆ ಬಿಟ್ಟಿ ದುಡಿಯುತ್ತಿದ್ದ. ಇಲ್ಲಿ ಗುಬ್ಬಿಯನ್ನು ಬಾಗಿಲಲ್ಲೇ ತೆಗೆದಿಡಬೇಕು. ಪರಿಚಯ ಮಾಡಿಕೊಳ್ಳುವಾಗ ತಮ್ಮ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಕೊರಳ ಬಿಲ್ಲೆಯನ್ನು ಮುಂದೆ ಹಿಡಿದರೆ ಎದುರಿನವರು ಬೆರಳಿಂದ ಓದಿಕೊಳ್ಳುತ್ತಾರೆ.

ಸ್ವಯಂಸೇವಕರಿಗೆ ಮಾತ್ರ ಬಿಲ್ಲೆಯಿಲ್ಲ. ಕಣ್ಣಿದ್ದವರಿಗೇಕೆ ಬಿಲ್ಲೆ ಎಂದು ಮೊದಲಿನಿಂದ ಬಂದ ಪದ್ಧತಿ. ಹೀಗಾಗಿ ಇಳಕಲ್ಲಿನಿಂದ ಬರುವ ಕಸ್ತೂರಿಗೆ ಅವನು ಬರೀ ಒಂದು ದನಿ: ಕುರ್ಚಿ ಹಾಕುವವರನ್ನೂ ಮೈಕಿನವನನ್ನೂ ಬೈಯುವ ದನಿ. ಮಕ್ಕಳಿಗೆ ಮನೆಯಲ್ಲೇ ಚುಕ್ಕೆ ಲಿಪಿ ಕಲಿಸುವ ಆಕೆ ಬರುತ್ತಿದ್ದದ್ದು ವರ್ಷಕ್ಕೆ ಎರಡು ದಿನ. ಉಳಿದ ದಿನಗಳೆಲ್ಲ ಅವನಿಗೆ ಆ ಎರಡು ದಿನಗಳ ದಾರಿ ಕಾಯುವುದರಲ್ಲೇ ಹೋಗುತ್ತಿದ್ದವು. ಅವಳ ಮುಖ ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಅವಳ ಬಳಿ ಅವನದೇನೂ ಇರಲಿಲ್ಲ.

ಹಳೆಯ ಮುದ್ರಕ ಕೆಟ್ಟಾಗ ಕಮಿಟಿ ಅವನನ್ನೇ ಧಾರವಾಡಕ್ಕೆ ಕಳಿಸಿತ್ತು. ಅಲ್ಲಿ ವಿಜ್ಞಾನಿ ವತ್ಸಲಾ ಬೆಣ್ಣೂರ ಅವರು ತಾವೇ ಕಟ್ಟಿದ ಹೊಸ ಯಂತ್ರ ತೋರಿಸಿದರು.

“ಈ ಹಾಳಿಯ ನಾರಿನೊಳಗ ಕಣ್ಣಿಗೆ ಕಾಣದಂಥಾ ಗುಳ್ಳಿ ಅವ. ಶಾಖ ತಾಗಿದಲ್ಲೆ ಉಬ್ಬತಾವ. ಹೆಸರಷ್ಟ ಅಲ್ಲ, ಹುಬ್ಬು, ಗಲ್ಲ, ತುಟಿ, ಎಲ್ಲಾ ಮೂಡತದ.”

“ಬಾಳಿಕಿ ಬರತೈತೇನ್ರೀ?”

“ದಿನಾ ನಾನ ಮುಟ್ಟಿ ನೋಡತೇನಿ. ಏನೂ ಆಗಿಲ್ಲ. ಆದ್ರ ನಿಮ್ಮ ಕಮಿಟಿಯವರು ಬರೇ ಚುಕ್ಕಿ ಸಾಕು ಅಂದಾರಲ್ಲ?”

“ಕಮಿಟಿಗೇನ್ ತಿಳೀತದ್ರೀ!” ಎಂದು ಗುರುಸಿದ್ಧ ಸಿಡುಕಿದ.

ವತ್ಸಲಾ ಕನ್ನಡಕ ಮೇಲೆತ್ತಿ ಅವನನ್ನು ನೋಡಿದರು. “ನಿನ್ನ ಮುಖ ಯಾರಿಗೆ ತೋರಸೋದದಪಾ?”

ಅವನು ಯಂತ್ರವನ್ನು ಹೆಗಲಿಗೇರಿಸಿಕೊಂಡು ಬಂದಿದ್ದ.

ಈಗ ನೂರಿಪ್ಪತ್ತು ಜನರ ಮುಖ ಮುದ್ರಿಸಿದ ಮೇಲೆ ಒಂದೇ ಹಾಳೆ ಉಳಿದಿತ್ತು. ಸುತ್ತ ನೋಡಿ ತಾನೇ ಯಂತ್ರದೆದುರು ಕೂತ. ಹೆಸರು ಹಾಕುವ ಧೈರ್ಯ ಬರಲಿಲ್ಲ. ಕೆಳಗೆ ‘ಮಾದರಿ’ ಎಂದು ಚುಕ್ಕೆಯಲ್ಲಿ ಮೂಡಿಸಿ ಮೇಜಿನ ತುದಿಯಲ್ಲಿಟ್ಟು, ಊಟದ ವ್ಯವಸ್ಥೆಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಸಭೆಯಲ್ಲಿ ಗದ್ದಲವೆದ್ದಿತು. “ಏ ಗುರುಸಿದ್ಧಾ, ನನ್ನ ಮೂಗು ಯಾವನೋ ಹಾರಿಸ್ಯಾನಲೇ!” ಎಂದು ಹುಸೇನ್‌ಸಾಬರು ಕೂಗಿದರು. ವಿಜ್ಞಾನಿ ಮುಟ್ಟಿ ನೋಡಿದ್ದು ಒಂದೇ ಕೈಯಿಂದ, ಅದೂ ಕಣ್ಣಿದ್ದವರು ಮುಟ್ಟುವಂತೆ. ಇಲ್ಲಿ ಒಂದೊಂದು ಮುಖವನ್ನೂ ನೂರು ಕೈಗಳು ಓದಿದ್ದವು. ಗುಳ್ಳೆಗಳು ಒಡೆದು, ಬೆಳಿಗ್ಗೆ ಎದ್ದಿದ್ದ ಮುಖಗಳು ಹಾಳೆಯೊಳಕ್ಕೆ ಹಿಂದಿರುಗುತ್ತಿದ್ದವು. ಗುರುಸಿದ್ಧ ಬೈಸಿಕೊಳ್ಳಲು ಸಿದ್ಧನಾಗಿ ನಿಂತ. ಯಾರೂ ಬೈಯಲಿಲ್ಲ. ರೋಣದಿಂದ ಮೊದಲ ಸಲ ಬಂದು ಮೂಲೆಯಲ್ಲಿ ಕೂತಿದ್ದ ಒಬ್ಬಾಕೆಯ ಬಿಲ್ಲೆಯ ಮುಖ ಯಾರ ಕೈಯೂ ತಾಗದೆ ಇನ್ನೂ ಹೊಸದಾಗಿಯೇ ಇದೆಯೆಂದು ತಿಳಿದದ್ದೇ ತಡ, ಜನ ನಗುತ್ತ, “ನಮಗೂ ಕೊಡವ್ವಾ ಸ್ವಲ್ಪ” ಎನ್ನುತ್ತ ಅವಳತ್ತ ಸಾಲುಗಟ್ಟಿದರು.

ಅವನು ಮೇಜಿಗೆ ಓಡಿದ. ಮಾದರಿ ಅಲ್ಲಿರಲಿಲ್ಲ.

“ಯಾರ್ರೀ ಮೇಜಿನ ಕಡೆ?” ಹಿಂದಿನಿಂದ ಕಸ್ತೂರಿಯ ದನಿ. ಅವಳ ಕೈಯಲ್ಲಿ ಬಿಲ್ಲೆಯಿತ್ತು. ಅದರಲ್ಲಿ ಹುಬ್ಬಿಲ್ಲ, ತುಟಿಯಿಲ್ಲ, ಕೆಳಗಿನ ಚುಕ್ಕೆಗಳೂ ಇಲ್ಲ, ಬಿಳಿಯ ನುಣುಪು ಅಷ್ಟೇ. “ತಪ್ಪಾತ್ರಿ. ಇದನ್ನ ಮುಂಜಾನೆ ಒಯ್ದು, ನಾ ಒಬ್ಬಾಕಿನ ಸವಸೀನಿ. ಇದು ಯಾರ ಮುಖ? ಕೇಳಿದ್ರ ಒಬ್ಬರಿಗೂ ಗೊತ್ತಿಲ್ಲ. ಭಾಳ ಶಾಂತ ಮನಷ್ಯಾ. ಯಾರನ್ನೋ ಕಾಯಾಕತ್ತಂಗ ಐತ್ರಿ ಮುಖ.”

ಗುರುಸಿದ್ಧನದು ನಾಲ್ಕು ವರ್ಷ ಕಲ್ಯಾಣಮಂಟಪವನ್ನೇ ನಡುಗಿಸಿದ ಬಾಯಿ. ಒಂದು ಮಾತಾಡಿದರೂ ಆ ಶಾಂತ ಮನುಷ್ಯ ಸತ್ತುಹೋಗುತ್ತಾನೆ.

ನಿಂತವರು ಯಾರೆಂದು ತಿಳಿಯಲು ಕಸ್ತೂರಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಪದ್ಧತಿಯಂತೆ ಎದುರಿನವರ ಬಿಲ್ಲೆಗಾಗಿ ಕೈ ಚಾಚಿದಳು.

ಗುರುಸಿದ್ಧ ಆ ಸವೆದ ಬಿಲ್ಲೆಯನ್ನೇ ಎತ್ತಿ ಕೊರಳಿಗೆ ಹಾಕಿಕೊಂಡು ಮುಂದೆ ಹಿಡಿದ.

ಅವಳ ಬೆರಳು ಹಾಳೆಯ ಉದ್ದಕ್ಕೂ ಹರಿಯಿತು. ಓದಲು ಏನೂ ಇರಲಿಲ್ಲ. ಆದರೆ ಆ ನುಣುಪು ಅವಳದೇ ಕೈಕೆಲಸ.

“ನೀವ ಏನ್ರಿ?” ಎಂದಳು, ಬಹಳ ಮೆಲ್ಲಗೆ.

“ಹೌದ್ರಿ, ನಾನ.”

ಮೈಕಿನವನನ್ನು ಬೈಯುವ ಆ ದನಿ ಕೇಳಿ ಬೆರಳು ತಟ್ಟನೆ ನಿಂತಿತು. ನಿಂತಿತು, ಆದರೆ ಹಾಳೆಯಿಂದ ಮೇಲೇಳಲಿಲ್ಲ.