ಎಡದ ಬ್ರೇಕು ಬಲಕ್ಕೆ

ಬ್ರೇಕ್ ಪೆಡಲ್ ತಳ ಮುಟ್ಟಿತು. ಕಾರು ಮಾತ್ರ ನಿಲ್ಲಲಿಲ್ಲ!

ಹುಮನಾಬಾದಿನ ಸ್ಪೇರ್ ಪಾರ್ಟ್ಸ್ ಅಂಗಡಿಯೆದುರು ನಿಂತಿದ್ದ ಯುವಕ ಛಂಗನೆ ಪಕ್ಕಕ್ಕೆ ಹಾರಿದ. ಕಾರು ಅಂಗಡಿಯ ಬೋರ್ಡಿಗೆ ಗುದ್ದಿ ನಿಂತಿತು. ಒಳಗಿದ್ದ ಪೂನಂ ಬಾಗಿಲು ತಳ್ಳಿ ಕೆಳಗಿಳಿದಳು.

ಹಾರಿದವನೇ ಅಂಗಡಿಯ ಬಸವಕಿರಣ. ಇಷ್ಟು ದಿನ ಅವಳ ಪಾಲಿಗೆ ಅವನು ಬರೀ ಒಂದು ದನಿ. ಬಸವಕಲ್ಯಾಣದ ಮನೆಯಂಗಳದಲ್ಲಿ, ತೀರಿಹೋದ ಅಪ್ಪನ ಕಾರಿನ ತುಕ್ಕು ಹಿಡಿದ ಕ್ಯಾಲಿಪರುಗಳನ್ನು, ಅಂದರೆ ಚಕ್ರವನ್ನು ಹಿಡಿದು ನಿಲ್ಲಿಸುವ ಭಾಗಗಳನ್ನು, ಅವಳೇ ಬಿಚ್ಚಿ, ಉಜ್ಜಿ, ಕೆಂಪು ಬಣ್ಣ ಬಳಿದಿದ್ದಳು. ಹೊಸ ರಬ್ಬರ್ ಸೀಲುಗಳನ್ನು ಅವನು ಬಸ್ ಕಂಡಕ್ಟರ್ ಕೈಲಿ ಕಳಿಸಿದ್ದ; ಕೂರಿಸುವ ಬಗೆಯನ್ನು ಫೋನಿನಲ್ಲಿ ತಾಳ್ಮೆಯಿಂದ ಹೇಳಿದ್ದ. ಕೆಲಸ ಮುಗಿದ ಮೇಲೂ ಫೋನುಗಳು ಮುಗಿಯಲಿಲ್ಲ, ಅದು ಬೇರೆ ಮಾತು!

ಇವತ್ತು ಹೊಸ ಚೂಡಿದಾರ್ ಹಾಕಿಕೊಂಡು, ಬರುತ್ತೇನೆಂದು ತಿಳಿಸಿಯೇ ಹೊರಟಿದ್ದಳು. ದಾರಿಯುದ್ದಕ್ಕೂ ಪೆಡಲ್ ಮೆತ್ತಗಿತ್ತು. ಎರಡು ಸಲ ತುಳಿದರೆ ಹಿಡಿಯುತ್ತದಲ್ಲ ಎಂದು ಸುಮ್ಮನಿದ್ದಳು.

ಜನ ಸೇರಿದರು. ಅವಳ ಒಳಗಿನ ಭಯ ಸಿಟ್ಟಾಗಿ ಬಾಯಿಗೆ ಬಂತು.

"ಖರಾಬ ಮಾಲ್ ಕೊಟ್ಟು ಮಂದಿ ಜೀವಾ ತೆಗೀತೀರೇನ್ರಿ? ಮ್ಯಾಲ ರಸ್ತಾಕ ಬಂದು ಯಾಕ ನಿಂತೀರಿ?"

ಬಸವಕಿರಣ ಅವಳ ಹತ್ತಿರ ಬಂದ. ಪೆಟ್ಟು ಬಿದ್ದಿಲ್ಲವಲ್ಲ ಎಂದಷ್ಟೇ ಕೇಳಿದ. ಬ್ರೇಕ್ ಪ್ಯಾಡ್ ಕೊಳ್ಳುತ್ತಿದ್ದ ಎದುರು ಗ್ಯಾರೇಜಿನ ಮೊಹಿನುದ್ದೀನ್ ಅದನ್ನು ಮೆಲ್ಲಗೆ ಮೇಜಿನ ಮೇಲೆ ಬಿಟ್ಟು ಹೊರಟುಹೋದ.

ಕಾರನ್ನು ಟೆಂಪೋದಲ್ಲಿ ಮನೆಗೆ ತಂದು ಪೂನಂ ಸಿಟ್ಟಿನಲ್ಲೇ ಚಕ್ರ ಬಿಚ್ಚಿದಳು. ಕೆಲಸಕ್ಕೆ ಮೊದಲು ತೆಗೆದಿದ್ದ ಫೋಟೋ ನೋಡಿದಳು. ಅದರಲ್ಲಿ ಬ್ರೇಕ್ ಎಣ್ಣೆಯೊಳಗಿನ ಗಾಳಿ ಬಿಡುವ ತಿರುಪು ಮೇಲಿತ್ತು... ಇಲ್ಲಿ ಕೆಳಗಿದೆ!

ಬಣ್ಣ ಬಳಿಯುವ ಸಂಭ್ರಮದಲ್ಲಿ ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದಳು. ಗಾಳಿ ಹೊರಹೋಗದೆ ಮೇಲೆಯೇ ಸಿಕ್ಕಿಕೊಂಡಿತ್ತು; ಪೆಡಲ್ ಮೆತ್ತಗಾದದ್ದು ಅದಕ್ಕೇ. ಸೀಲುಗಳಲ್ಲಿ ಕೂದಲಷ್ಟೂ ದೋಷವಿರಲಿಲ್ಲ.

ಅವಳು ಮಸಿಯ ಕೈಗಳಲ್ಲೇ ಮುಖ ಮುಚ್ಚಿಕೊಂಡಳು. 'ಥೂ, ಎಂಥ ಮಾತಾಡಿಬಿಟ್ಟೆ...' ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫೋನಿನಲ್ಲಿ ಮಾಫಿ ಕೇಳಬಹುದಿತ್ತು. ಆದರೆ ಅವನ ಮಾನ ಕಳೆದದ್ದು ಬಜಾರಿನಲ್ಲಿ.

ಮರುದಿನ ಬಸ್ಸಿಳಿದವಳು ಮೊದಲು ಗ್ಯಾರೇಜಿಗೆ ಹೋಗಿ ಮೊಹಿನುದ್ದೀನನನ್ನು ಕರೆದುಕೊಂಡೇ ಅಂಗಡಿಗೆ ಬಂದಳು. ಗಿರಾಕಿಗಳೆಲ್ಲ ತಿರುಗಿ ನೋಡಿದರು. ನಾಚಿಕೆಗೆ ಅವಳ ಕಿವಿ ಕಾದಿದ್ದವು.

"ಚಾಚಾ, ಇವರ ಮಾಲ್ ಛಲೋ ಅದ. ಎಡದ್ದು ಬಲಕ್ಕ ಹಚ್ಚಿದಾಕಿ ನಾನು. ತಪ್ಪು ನಂದು."

ಮೊಹಿನುದ್ದೀನ್ ನಕ್ಕು, ನಿನ್ನೆಯ ಪ್ಯಾಡ್ ಕೊಡು ಎಂದ. ಬಸವಕಿರಣ ನಗಲಿಲ್ಲ. ಪ್ಯಾಡ್ ಕಟ್ಟಿಕೊಟ್ಟು ಅವನು ತಲೆಯೆತ್ತಿದ.

"ಐತವಾರ ನಿಮ್ಮ ಮನಿಗೆ ಬರ್ತೀನ್ರಿ. ಗಾಳಿ ತೆಗಿಯಾಕ ಇಬ್ಬರು ಬೇಕು."

ಭಾನುವಾರ ಮನೆಯಂಗಳದಲ್ಲಿ ಕ್ಯಾಲಿಪರುಗಳನ್ನು ಸರಿಯಾಗಿ ಕೂರಿಸಿದ ಮೇಲೆ ಅವಳು ಪೆಡಲ್ ತುಳಿದಳು, ಅವನು ಚಕ್ರದ ಬಳಿ ಕೂತು ತಿರುಪು ಸಡಿಲಿಸಿದ. ಪೆಡಲ್ ಗಟ್ಟಿಯಾಗುತ್ತಾ ಬಂತು. ಅವನ ಮುಖ ಕಾಣದ್ದರಿಂದ ಅವಳಿಗೆ ಧೈರ್ಯವೂ ಬಂತು.

"ಅವತ್ತ ಕಾರಿನ ಕೆಲಸಕ್ಕ ಬಂದಿದ್ದಿಲ್ರಿ... ನಿಮ್ಮನ್ನ ನೋಡಾಕ ಬಂದಿದ್ದೆ. ನೋಡಿದ ಕೂಡಲೇ ಬೈದೆ."

ಚಕ್ರದ ಬಳಿ ಅವನು ತಿರುಪು ಬಿಗಿದ ಸದ್ದಾಯಿತು.

"ಮತ್ತ ನಾ ರಸ್ತಾಕ ಬಂದು ಯಾಕ ನಿಂತಿದ್ದೆ ಅಂತೀರಿ? ಮುಂಜಾನಿಯಿಂದ ನಿಮ್ಮ ದಾರೀನೇ ನೋಡಾಕತ್ತಿದ್ದೆ."