ಪರೇಲಿನ ಖೋಲಿಯ ಬೀಗದಕೈ

"ಹ್ವಾಯ್ ಪ್ರೇಮಾನಂದಣ್ಣ, ನನ್ನ ಖೋಲಿ ಹೋಯ್ತ್!" ಎಂದು ಗುಣಪಾಲ ನಮ್ಮ ಅಂಗಡಿಯ ಮೆಟ್ಟಿಲಲ್ಲೇ ಕುಸಿದು ಕುಳಿತ.

ಅದು ೧೯೬೪ರ ಬೇಸಿಗೆ. ಬೈಂದೂರು ಪೇಟೆಯ ದರ್ಜಿ ಪ್ರೇಮಾನಂದರ ಹತ್ತಿರ ನಾನು ಗುಂಡಿ ಹೊಲಿಯುವವ. ಊರಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಬಳಿ ಬರುತ್ತಿದ್ದರು. ಅಳತೆ ತೆಗೆಯುವಾಗಲೇ ಆಳಿನ ಮನಸ್ಸನ್ನೂ ಅಳೆಯುವ ಆಸಾಮಿ.

ಗುಣಪಾಲನಿಗೆ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ. ಮದುವೆಯಾಗಿ ಎಂಟು ವರ್ಷ. ಹೆಂಡತಿ ಸರಸಳ ಜೊತೆ ಇದ್ದದ್ದು ವರ್ಷಕ್ಕೊಂದು ತಿಂಗಳು, ಉಳಿದ ದಿನವೆಲ್ಲ ಹೋಟೆಲಿನ ಬೆಂಚಿನ ಮೇಲೆ ನಿದ್ದೆ. ಆ ಶಹರದಲ್ಲಿ ಕೈಗೆಟಕುವ ಬಾಡಿಗೆಗೆ ಒಂಟಿ ಕೋಣೆಯ ಖೋಲಿ ಸಿಗುವುದೇನು ಹುಡುಗಾಟವೇ? ಚಾಳಿಂದ ಚಾಳಿಗೆ ಅಲೆದು, ಸರಸಳ ಬಳೆ ಮಾರಿ ಪಗಡಿ ಎಂಬ ಮುಂಗಡ ಹಣ ಕೊಟ್ಟು, ಪರೇಲಿನಲ್ಲಿ ಒಂದನ್ನು ಹಿಡಿದಿದ್ದ. ಅದಕ್ಕೆ ಬೀಗ ಜಡಿದು ಅವಳನ್ನು ಕರೆದೊಯ್ಯಲು ಬಂದಿದ್ದ.

ಈಗ ಗೆಳೆಯನ ಕಾರ್ಡು ಬಂದಿತ್ತು. ಖೋಲಿಯಲ್ಲಿ ಯಾರೋ ಸೇರಿಕೊಂಡಿದ್ದಾರೆ, ಬೀಗ ಒಡೆದಿಲ್ಲ, ಕೂಗಿದರೆ ಕದ ತೆರೆಯುವುದಿಲ್ಲ. ಒಳಗಿದ್ದವನಿಗೇ ಖೋಲಿ ಎನ್ನುತ್ತಾನೆ ಮಾಲಿಕನ ಗುಮಾಸ್ತ. ಗುಣಪಾಲ ಟ್ರಂಕು ತೆಗೆದು ನೋಡಿದರೆ ಬೀಗದಕೈ ಇಲ್ಲ.

"ಐತನೇ ಕದ್ದದ್ದ್! ಹದಿನೈದ್ ದಿನದ ಹಿಂದೆ ಬೊಂಬಾಯಿಗೆ ಹೋದದ್ದ್ ಅವ್ನೊಬ್ನೇ."

ಐತ ಹಡಗಿನ ಅಡುಗೆಯವ. ಬೊಂಬಾಯಿ ಮುಟ್ಟಿದ ಮರುದಿನವೇ ಹಡಗು ಹತ್ತುವವ. ನಮ್ಮ ಕಡೆ ಯಾರು ಬೊಂಬಾಯಿಗೆ ಹೊರಟರೂ ಊರವರೆಲ್ಲ ಅವರ ಕೈಯಲ್ಲಿ ಕಟ್ಟು ಕಳಿಸುತ್ತಾರೆ. ಅದನ್ನು ಬಟ್ಟೆಯಲ್ಲಿ ಹೊಲಿದು ವಿಳಾಸ ಬರೆಯುವವರು ನಾವು. ಐತ ಆರು ಕಟ್ಟು ಹೊತ್ತುಕೊಂಡು ಹೋಗಿದ್ದ.

"ಮನಿ ಒಳ್ಗೆ ಬಂದವ್ರ್ ಯಾರ್?" ಎಂದರು ಪ್ರೇಮಾನಂದರು.

"ಐತ ಜಗಲಿ ಹತ್ಲಿಲ್ಲೆ. ಆಚೆಮನಿ ಸುಂದರತ್ತೆ ದಿನಾ ಬತ್ರ್. ಅವ್ರ್ ನನ್ನ ಅಪ್ಪನ ತಂಗಿ ಅಲ್ದಾ?"

ಪ್ರೇಮಾನಂದರು ನನ್ನ ಕಡೆ ತಿರುಗಿದರು. "ಕಿಟ್ಟ, ಆ ಆರ್ ಕಟ್ಟೊಳ್ಗೆ ಎಂತೆಂತ ಇತ್ತ್?"

"ಐದ್ರಗೆ ಹಪ್ಪಳ, ಎಣ್ಣೆ, ಉಪ್ಪಿನಕಾಯಿ. ಸುಂದರಕ್ಕ ಮಗ ರಾಜೀವನಿಗೆ ಕಳ್ಸಿದ್ರಗೆ ಕುಚ್ಚಲಕ್ಕಿ, ಒಂದ್ ಸೌಟು. ಸರಸಕ್ಕ ಬೊಂಬಾಯಿಗೆ ಹೋಪುಕೆ ಹೊಲ್ಸಿದ ಕಟ್ಟಿನ ಹಾಂಗೇ."

ಅವರ ಮುಖ ಕಪ್ಪಿಟ್ಟಿತು. ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಎದ್ದರು.

ಸಂಜೆ ಗುಣಪಾಲನ ಜಗಲಿಯಲ್ಲಿ ಎಲ್ಲರೂ ಸೇರಿದೆವು. ಸುಂದರಕ್ಕನೂ ಬಂದಿದ್ದರು.

"ಐತ ಈಗ ಸಮುದ್ರದ ಮೇಲಿದ್ದ. ಖೋಲಿಯಗೆ ಇಪ್ಪವ ಅವ ಅಲ್ಲ," ಎಂದು ಪ್ರೇಮಾನಂದರು ಶುರು ಮಾಡಿದರು. "ಅಂದ್ರೆ ಬೀಗದಕೈ ಯಾವ್ದೋ ಕಟ್ಟೊಳ್ಗೆ ಹೋಯ್ತ್. ಖೋಲಿ ಇಲ್ದೆ ಅಲ್ಲಿಲ್ಲಿ ಮಲ್ಗುವವ್ನಿಗೆ ಯಾರಾದ್ರೂ ಅಕ್ಕಿ ಕಳ್ಸ್ತ್ರಾ? ಅವ್ನಿಗೆ ಒಲೆ ಎಲ್ಲಿತ್ತ್? ಅಕ್ಕಿ, ಸೌಟು ಹೋಪುದ್ ಖೋಲಿ ಇದ್ದವ್ರಿಗೆ." ಮೂಲೆಯಲ್ಲಿದ್ದ ಸರಸಳ ಕಟ್ಟನ್ನು ತೋರಿಸಿದರು. "ರಾಜೀವನಿಗೆ ಖೋಲಿ ಇಲ್ಲೆ. ಖೋಲಿ ಅವ್ನ ಕೈಗೆ ಬಪ್ಪುದಿತ್ತ್ ಅಂತ ಅವ್ನ ಅಬ್ಬೆಗೆ ಮೊದ್ಲೇ ಗೊತ್ತಿತ್ತ್. ಟ್ರಂಕಿನ ಹತ್ರ ಹೋಪವ್ರೂ ಅವ್ರೊಬ್ರೇ. ಗುಣಪಾಲ, ಖೋಲಿ ನಂಬರನ್ನ ಊರಿಗೆಲ್ಲ ಬಾಯಿಪಾಠ ಮಾಡ್ಸಿದವ ನೀನೇ. ಆ ಅಕ್ಕಿ ಒಳ್ಗೆ ಬೀಗದಕೈ ಇತ್ತ್. ಹೊಲ್ದವ ನಾನು."

ಸುಂದರಕ್ಕ ಅಳಲಿಲ್ಲ. "ನನ್ನ ಮಗ ಮೋರಿ ಬದಿಯಗೆ ಮಲ್ಗಿ ರಕ್ತ ಕಾರ್ತಿದ್ದ. ಬೆಚ್ಚಗೆ ಮಲ್ಗ್ಲಿ ಅಂದ್ರ್ ಡಾಕ್ಟ್ರು. ಎಲ್ಲಿ ಮಲ್ಗುದ್? ನೀವೇ ಹೇಳಿ."

ಗುಣಪಾಲ ಎದ್ದುನಿಂತ. "ನಾಳೆಯೇ ಹೋಯಿ ಅವ್ನನ್ನ ಹೊರ್ಗ್ ಹಾಕ್ತೆ!"

"ಹಾಕಿ, ಮತ್ತೆ ಆ ಖೋಲಿಯಗೆ ನಂಗೆ ನಿದ್ರೆ ಬತ್ತಾ?" ಎಂದಳು ಸರಸ.

ಅಪರಾಧಿ ಸಿಕ್ಕಿದ್ದಳು, ಪತ್ತೆಯಾಗದೇ ಹೋಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿದ್ದು ಅದೊಂದೇ ಸಲ. ಸರಸ ತನ್ನ ಕಟ್ಟನ್ನು ತಂದು ಪ್ರೇಮಾನಂದರ ಮುಂದಿಟ್ಟಳು.

"ಅಣ್ಣಾ, ಇದ್ರ ಹೊಲಿಗೆ ಬಿಚ್ಚಿ ಕೊಡಿ."

ಅವರು ಕತ್ತರಿ ತೆಗೆದರು.

ಮುಂದಿನ ಸೋಮವಾರ ಗುಣಪಾಲ ಒಬ್ಬನೇ ಬಸ್ಸು ಹತ್ತಿದ. ಅವನ ಕಟ್ಟನ್ನು ನಾನೇ ಹೊಲಿದೆ. ಹಪ್ಪಳ, ಎಣ್ಣೆ, ಉಪ್ಪಿನಕಾಯಿ.