ಎಡ ಎಂಜಿನ್

ಉನೈಸ್‌ನ ದೇಹ ಅವನದೇ ವಿಮಾನದ ಎಡಗಡೆಯ ಪ್ರೊಪೆಲ್ಲರ್ ಕೆಳಗೆ ಬಿದ್ದಿತ್ತು. ತಲೆಯ ಒಂದು ಭಾಗ ಒಡೆದುಹೋಗಿತ್ತು. ಕೆಳಗಿನ ಅಲಗಿಗೆ ರಕ್ತ ಮೆತ್ತಿತ್ತು.

ಪುತ್ತಿಗೆಯ ಆ ಮುರಕಲ್ಲಿನ ಬಯಲಿನಲ್ಲಿ ಬಿಸಿಲು ಆಗಲೇ ಏರಿತ್ತು. ನೆರಳೆಂಬುದು ರೆಕ್ಕೆಯ ಕೆಳಗೆ ಮಾತ್ರ. ಮೂಡುಬಿದಿರೆ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಯಶೋಧಾ ಆ ನೆರಳಿನಲ್ಲಿ ಮಂಡಿಯೂರಿ ಕೂತಳು.

"ನೀವು ನೋಡಿದ್ರಾ?"

"ನೋಡಿದೆ," ಎಂದ ಕ್ಯಾಪ್ಟನ್ ಶಶಿರಾಜ್. ಉನೈಸ್ ವಿಮಾನ ಹಾರಿಸುವಾಗಲೆಲ್ಲ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಪೈಲಟ್ ಇವನೇ. "ನಾನು ಒಳಗೆ ಕೂತು ಎಡ ಎಂಜಿನ್ ಸ್ಟಾರ್ಟ್ ಮಾಡಿದ್ದೆ. ಅವರು ಹೊರಗಿಂದ ಚಕ್ರ ನೋಡ್ಲಿಕ್ಕೆ ಬಂದರು. ಸೀದಾ ಪ್ರೊಪೆಲ್ಲರಿನ ಪಂಕಕ್ಕೇ ನಡೆದರು. ಕೂಡಲೇ ಎಂಜಿನ್ ಆಫ್ ಮಾಡಿದೆ."

"ಪಂಕ ಇದೆಯೆಂದು ಅವರಿಗೆ ಗೊತ್ತಿರಲಿಲ್ವಾ?"

"ಮೂರು ವರ್ಷ ಜೆಟ್ ಹಾರಿಸಿದವರು ಮೇಡಂ. ಜೆಟ್‌ಗೆ ಪಂಕ ಇಲ್ಲ. ಇದು ಬಂದು ಎರಡು ವಾರ ಆಯಿತಷ್ಟೆ. ತಿರುಗುವಾಗ ಅದು ಕಣ್ಣಿಗೆ ಕಾಣುವುದೂ ಇಲ್ಲ. ಕಾಲು ಹಳೇ ಅಭ್ಯಾಸದಲ್ಲಿ ನಡೆದುಬಿಡ್ತದೆ."

ಒಪ್ಪುವಂಥ ಮಾತು. ಹೆಡ್ ಕಾನ್‌ಸ್ಟೇಬಲ್ ಮುಂಡಪ್ಪ ತಲೆಯಾಡಿಸಿದ. ಗುಡ್ಡದ ಕೆಳಗಿನ ಮನೆಯ ಸುಬ್ಬಪ್ಪ ಬೆಳಿಗ್ಗೆ ಎಂಜಿನ್ ಕಿರುಚಿದ್ದು ಕೇಳಿದ್ದೇನೆಂದು ಹೇಳಿಕೆಯನ್ನೂ ಕೊಟ್ಟಿದ್ದ.

ಯಶೋಧಾ ವಿಮಾನದ ಮೈ ನೋಡಿದಳು. ಹೊಸ ಬಿಳಿ ಬಣ್ಣ. ಒಂದು ಹನಿ ರಕ್ತವೂ ಸಿಡಿದಿರಲಿಲ್ಲ. ತಿರುಗುವ ಫ್ಯಾನಿಗೆ ಒದ್ದೆ ಬಟ್ಟೆ ತಾಗಿದರೂ ಗೋಡೆಯೆಲ್ಲ ನೀರಾಗುತ್ತದೆ.



* * *

ಬಿ.ಸಿ.ರೋಡಿನ ಮನೆಯಲ್ಲಿ ಸೈನಬ ಗೋಡೆಗೆ ಒರಗಿ ಕೂತಿದ್ದಳು. ಗಂಡ ಉನೈಸ್ ಬಗ್ಗೆ ಯಶೋಧಾ ಕೇಳಿದಾಗ ಮೆಲ್ಲಗೆ ಹೇಳಿದಳು.

"ಅವರನ್ನು ಹೆತ್ತ ಉಮ್ಮ ಶಿರಾಡಿ ಘಾಟಿಯಲ್ಲಿ ತೀರಿಕೊಂಡದ್ದು. ಬೆಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಂಬುಲೆನ್ಸಿನ ಒಳಗೆ. ಅವತ್ತು ಅವರು ಶಾರ್ಜಾದಲ್ಲಿದ್ದರು. ಆಮೇಲೆ ವಿಮಾನ ಕಲಿತರು, ರೋಗಿಗಳನ್ನು ಸಾಗಿಸಲಿಕ್ಕೆ ಜೆಟ್ ತೆಗೆದರು. ಆದರೆ ಜೆಟ್ ಬಜಪೆ ಏರ್‌ಪೋರ್ಟಿನ ದೊಡ್ಡ ರನ್‌ವೇಯಲ್ಲೇ ಇಳಿಯಬೇಕು. ಬೆಳ್ತಂಗಡಿಯ ರೋಗಿ ಬಜಪೆಗೆ ಹೋಗುವಷ್ಟರಲ್ಲಿ ಹೊತ್ತಾಗ್ತದೆ. ಈ ಹೊಸ ವಿಮಾನ ಗಿಡ್ಡ ರನ್‌ವೇಯಲ್ಲೂ ಇಳಿಯುತ್ತದೆ ಅಂತ ಪುತ್ತಿಗೆಯಲ್ಲಿ ಜಾಗ ಮಾಡಿದರು."

"ಜೆಟ್ ಬಿಟ್ಟು ಪಂಕದ ವಿಮಾನ. ಊರೆಲ್ಲ ನಗಾಡಿತು," ಎಂದ ಬಾಗಿಲಲ್ಲಿ ನಿಂತಿದ್ದ ಅವಳ ತಮ್ಮ ಝಿಯಾದ್. "ಬಾವ ಕೆಳಗಿಳಿದರು ಅಂತ. ಅವರು ಮಾತ್ರ, ಇದೇ ಮೇಲೆ ಹೋಗುವುದು ಮಾರಾಯ, ಅಂತ ಹೇಳ್ತಿದ್ದರು."

ಯಶೋಧಾ ಅವನತ್ತ ತಿರುಗಿದಳು. "ಹೋದ ವಾರ ನೀವು ಅವರ ಮೇಲೆ ಕೂಗಾಡಿದ್ದೀರಂತೆ. 'ಒಂದು ದಿನ ಹೆಣವಾಗ್ತೀರಿ' ಅಂತ."

"ಆ ಗಿಡ್ಡ ರನ್‌ವೇಗೆ ಹೆದರಿ ಹೇಳಿದ್ದು."

"ಇವತ್ತು ಬೆಳಿಗ್ಗೆ ಎಲ್ಲಿದ್ರಿ?"

"ಇಲ್ಲೇ. ಅಂಗಡಿಯಲ್ಲಿ."

ಮುಂಡಪ್ಪ ಕೆಮ್ಮಿದ. "ಬೆಳಿಗ್ಗೆ ನಿಮ್ಮ ಕಾರನ್ನು ಅಷ್ಟು ದೂರದ ಪುಂಜಾಲಕಟ್ಟೆಯಲ್ಲಿ ಕಂಡವರುಂಟು."

ಸೈನಬ ತಮ್ಮನ ಮುಖ ನೋಡಿದಳು. ಆ ನೋಟಕ್ಕೆ ಝಿಯಾದ್ ಕುಸಿದು ಕೂತ.

"ಬೆಳ್ತಂಗಡಿಗೆ ಹೋಗಿದ್ದೆ. ಡಾಕ್ಟರ ಹತ್ತಿರ. ರೋಗಿಗಳನ್ನು ಬಾವನ ವಿಮಾನಕ್ಕೆ ಹತ್ತಿಸಬೇಡಿ ಅಂತ ಬೇಡಿಕೊಳ್ಳಲಿಕ್ಕೆ. ಅಕ್ಕನಿಗೂ ಹೇಳಿರಲಿಲ್ಲ."

ಯಶೋಧಾ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಮಾತು ನಿಜವಾಗಿತ್ತು.

ಹೊರಡುವಾಗ ಸೈನಬ ತಡೆದಳು. "ಮೇಡಂ, ಒಂದು ವಿಷಯ. ಐದು ದಿನದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. 'ದೊಡ್ಡ ರನ್‌ವೇಯಲ್ಲಿ ಗೊತ್ತಾಗದ್ದು ಪುತ್ತಿಗೆಯಲ್ಲಿ ಗೊತ್ತಾಯಿತು' ಅಂದರು. ಏನು ಅಂತ ಕೇಳಿದೆ. 'ಅವರೇ ಹೇಳಬೇಕು, ನಾನು ಹೇಳಿದರೆ ಅವರ ಮಾನ ಹೋಗ್ತದೆ' ಅಂದರು."

* * *

ಮಧ್ಯಾಹ್ನ ಬಯಲಿನಲ್ಲಿ ಯಾರೂ ಇರಲಿಲ್ಲ. ದೇಹವನ್ನು ಒಯ್ದಿದ್ದರು. ಸಿಮೆಂಟು ನೆಲದಲ್ಲಿ ಕಲೆ ಮಾತ್ರ ಉಳಿದಿತ್ತು.

ಎಲ್ಲಿಂದಲೋ ಒಂದು ಕಿರುಚು ಎದ್ದಿತು. ಮುಂಡಪ್ಪ ಬೆಚ್ಚಿದ. ಗುಡ್ಡದ ಆಚೆ ಕೋರೆಯಲ್ಲಿ ಕೆಂಪುಕಲ್ಲು ಕೊಯ್ಯುವ ಯಂತ್ರ. ಬೆಳಿಗ್ಗೆಯೂ ಅದು ಓಡಿತ್ತೆಂದು ಕೋರೆಯವರು ಹೇಳಿದರು. ಸುಬ್ಬಪ್ಪ ಸುಳ್ಳು ಹೇಳಿರಲಿಲ್ಲ. ಕೇಳಿದ ಸದ್ದು ಬೇರೆಯದು, ಅಷ್ಟೆ.

ಯಶೋಧಾ ವಿಮಾನದ ಸುತ್ತ ನಡೆದಳು. ಒಂದು ಕಣಜದ ಹುಳು ಹಾರಿಬಂತು. ಕಾಲುಗಳ ನಡುವೆ ಮಣ್ಣಿನ ಉಂಡೆ. ಅದು ಎಡ ಎಂಜಿನ್‌ನ ಹೊಗೆಕೊಳವೆಯೊಳಗೆ ಹೋಯಿತು. ಹೊರಬಂತು. ಮತ್ತೆ ಮಣ್ಣು ತಂದಿತು.

ಅವಳು ಒಳಕ್ಕೆ ಟಾರ್ಚ್ ಬೆಳಕು ಬಿಟ್ಟಳು. ಒಳಗೆ ಮಣ್ಣಿನ ಗೂಡು. ಒಣಗಿ ಕಲ್ಲಾದ ಕೋಣೆಗಳ ಸಾಲು. ತುದಿಯದ್ದು ಮಾತ್ರ ಹಸಿ. ಜೆಟ್‌ನ ಮುಚ್ಚಳಗಳು, ವಿಮಾನ ನಿಂತಾಗ ಹಾಕುವಂಥವು, ಈ ಕೊಳವೆಗೆ ಹೊಂದುತ್ತಿರಲಿಲ್ಲ, ಹೊಸವು ಇನ್ನೂ ಬಂದಿರಲಿಲ್ಲ.

"ಫೋಟೋ ತೆಗೆಸಿ," ಎಂದಳು. ಬೆಂಗಳೂರಿನ ವಿಮಾನ ಎಂಜಿನಿಯರೊಬ್ಬನಿಗೆ ಫೋನ್ ಹಚ್ಚಿ ಒಂದೇ ಪ್ರಶ್ನೆ ಕೇಳಿದಳು. ಉತ್ತರ ಕೇಳಿ ಫೋನ್ ಇಟ್ಟಳು.

"ಕ್ಯಾಪ್ಟನ್‌ನ ಕರೆಸುವ, ಮುಂಡಪ್ಪಣ್ಣ. ಸೈನಬ ಅವರಿಗೂ ಹೇಳಿ. ಅವರು ಕೇಳಬೇಕಾದ ಮಾತು."

* * *

ಬಯಲಿನ ಅಂಚಿನ ಶೆಡ್ಡಿನಲ್ಲಿ ಸೈನಬ, ಝಿಯಾದ್ ಬಾಗಿಲ ಬಳಿ ಕೂತಿದ್ದರು. ಮೇಜಿನ ಮೇಲೆ ಚಹಾ ಇತ್ತು. ಶಶಿರಾಜ್ ಲೋಟಕ್ಕೆ ಕೈಚಾಚಿದ. ಬೆರಳುಗಳು ಲೋಟಕ್ಕಿಂತ ಈಚೆಗೇ ಮುಚ್ಚಿಕೊಂಡವು. ಗಾಳಿಯನ್ನು ಹಿಡಿದವು. ಅವನು ಸರಕ್ಕನೆ ಕೈ ಮುಂದೆ ಸರಿಸಿದ.

ಯಶೋಧಾ ಎದ್ದು ಅವನ ಎಡಗಡೆಗೆ ಹೋಗಿ ನಿಂತಳು. ಮುಖದ ಹತ್ತಿರವೇ ಕಾರಿನ ಕೀಲಿ ಹಿಡಿದಳು. ಅವನು ಮುಂದೆ ನೋಡುತ್ತಲೇ ಇದ್ದ.

"ಎಡ ಎಂಜಿನ್ ನೀವೇ ಸ್ಟಾರ್ಟ್ ಮಾಡಿದಿರಿ ಅಲ್ವಾ?"

ಅವನು ಇಡೀ ತಲೆ ತಿರುಗಿಸಿದ. "ಹೌದು."

"ಅದರ ಹೊಗೆಕೊಳವೆಯಲ್ಲಿ ಕಣಜದ ಗೂಡು ಉಂಟು. ಹಲವು ದಿನಗಳದ್ದು. ಎಂಜಿನ್ ಓಡಿದರೆ ಅಲ್ಲಿ ಬೆಂಕಿಯಂಥ ಗಾಳಿ ನುಗ್ಗುತ್ತದೆ. ಒಂದು ಚೂರು ಮಣ್ಣು ಉಳಿಯುವುದಿಲ್ಲ ಅಂದರು ಎಂಜಿನಿಯರ್. ಎಡ ಎಂಜಿನ್ ಇವತ್ತು ಓಡಲೇ ಇಲ್ಲ. ಓಡದ ಪಂಕ ಕೊಲ್ಲುವುದು ಹೇಗೆ?"

ಶಶಿರಾಜ್ ಲೋಟ ಕೆಳಗಿಟ್ಟ.

"ರಕ್ತ ಸಿಡಿಯದ್ದೂ ಅದಕ್ಕೇ. ನೀವು ಹೊಡೆದು, ಎಳೆದು ತಂದು ಪಂಕದ ಕೆಳಗೆ ಹಾಕಿದಿರಿ. ಅಲಗಿಗೆ ರಕ್ತ ಹಚ್ಚಿದಿರಿ. ಜೆಟ್‌ನ ಅಭ್ಯಾಸ ಅಂದರೆ ಎಲ್ಲರೂ ನಂಬುತ್ತಾರೆಂದು ಗೊತ್ತಿತ್ತು. ನಾನೂ ಸ್ವಲ್ಪ ಹೊತ್ತು ನಂಬಿದ್ದೆ. ಯಾತರಿಂದ ಹೊಡೆದಿರಿ?"

"ವಿಮಾನ ಎಳೆಯುವ ಸರಳು. ಕೋರೆಯ ನೀರಿಗೆ ಹಾಕಿದೆ."

"ಎಡಗಣ್ಣು ಕಾಣುವುದಿಲ್ಲ ಅಲ್ವಾ? ದೊಡ್ಡ ರನ್‌ವೇಯಲ್ಲಿ ಹೇಗೋ ನಡೆಯಿತು. ಇಲ್ಲಿ ರನ್‌ವೇಯ ಅಂಚು ಎಲ್ಲೆಂದು ಅಂದಾಜು ಸಿಗಲಿಲ್ಲ."

"ಐದು ದಿನದ ಹಿಂದೆ ನಾನು ಇಳಿಸುವಾಗ ಚಕ್ರ ಅಂಚಿನಿಂದ ಹೊರಗೆ ಹೋಗುವುದರಲ್ಲಿತ್ತು. ಉನೈಸ್ ನನ್ನ ಕೈಯಿಂದ ಕಂಟ್ರೋಲ್ ಎಳೆದುಕೊಂಡ. ಒಂದು ಮಾತೂ ಬೈಯಲಿಲ್ಲ. ಆಮೇಲೆ ವಿಮಾನ ಹಾರಲೇ ಇಲ್ಲ." ಶಶಿರಾಜ್ ಮೇಜನ್ನು ನೋಡುತ್ತಿದ್ದ. "ಇವತ್ತು ಬೆಳಿಗ್ಗೆ ಬಂದು ಹೇಳಿದ, ಲೈಸೆನ್ಸ್ ನೀವೇ ಒಪ್ಪಿಸಿ, ರೋಗಿಗಳ ಫೋನ್ ನೋಡಿಕೊಂಡು ನನ್ನ ಜೊತೆಗೇ ಇರಿ ಅಂತ. ಕೈ ಹಿಡಿದುಕೊಂಡು ಹೇಳಿದ. ನನ್ನ ಶಿಷ್ಯ ಅವನು. ಹಾರಲು ಕಲಿಸಿದವನು ನಾನು. ಅವನ ಕನಿಕರ ನನ್ನಿಂದ ತಡೆಯಲಿಕ್ಕೆ ಆಗಲಿಲ್ಲ."

"ಕಣ್ಣು ಹೋದದ್ದು ಯಾವಾಗ?"

ಅವನು ಲೋಟವನ್ನು ದೂರ ತಳ್ಳಿದ.

"ಜೆಟ್ ಬರುವ ಮೊದಲೇ."

ಬಾಗಿಲ ಬಳಿ ಕುರ್ಚಿ ಸರಿದ ಸದ್ದಾಯಿತು. ಸೈನಬ ಎದ್ದು ನಿಂತಿದ್ದಳು. ಝಿಯಾದ್ ಅವಳ ತೋಳು ಹಿಡಿದಿದ್ದ. ಅವಳು ಬಿಡಿಸಿಕೊಂಡಳು. ಧ್ವನಿ ಏರಿಸಲಿಲ್ಲ.

"ಕ್ಯಾಪ್ಟನ್, ಹೋದ ರಜೆಯಲ್ಲಿ ಅವರಿಗೆ ಜ್ವರ ಇತ್ತು. ನಮ್ಮ ಮಕ್ಕಳನ್ನು ಕೊಚ್ಚಿಯಿಂದ ಜೆಟ್ ಹಾರಿಸಿಕೊಂಡು ಕರೆತಂದದ್ದು ನೀವೊಬ್ಬರೇ."

ಅವನು ತಲೆ ಎತ್ತಲಿಲ್ಲ. ಮುಂಡಪ್ಪ ಬೇಡಿ ಹೊರತೆಗೆದ.